ಸರ್ 'ಸಾಧಾರಣ' ಎಂದ ಮಳೆಗಾಲ

ನದಿಯ ಲೆಕ್ಕ ನನಗೆ ಕಲಿಸಿದವರು ಸರ್. ಅದಕ್ಕೂ ಮೊದಲು ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬೇರೆ ದಾರಿ ಕಾಣದೆ, ಡೊಂಬಿವಲಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಒಂದು ಭಾನುವಾರ ಕನ್ನಡ ಸಂಘದ ಸಭೆಯಲ್ಲಿ ಅವರು ಮುಂಗಾರಿನ ಬಗ್ಗೆ ಮಾತಾಡಲು ಬಂದಿದ್ದರು. ಮಾತು ಮುಗಿದ ಮೇಲೆ ನಾನು ಎದ್ದು ಕೇಳಿದೆ: "ಹಳೆಯ ವರ್ಷಗಳನ್ನು ನೋಡಿ ಸೂತ್ರ ಕಟ್ಟಿ, ಆಮೇಲೆ ಅವೇ ವರ್ಷಗಳ ಮೇಲೆ ಪರೀಕ್ಷೆ ಮಾಡಿದರೆ ಉತ್ತರ ಸರಿ ಬರಲೇಬೇಕಲ್ಲ ಸರ್? ಅದರಲ್ಲಿ ದೊಡ್ಡಸ್ತಿಕೆ ಏನು?"

ಮುಂದಿನ ಸಾಲಿನ ಹಿರಿಯರೊಬ್ಬರು ಹಿಂತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ಸರ್ ಮಾತ್ರ ಮೈಕು ಕೆಳಗಿಟ್ಟು ಜೋರಾಗಿ ನಕ್ಕರು.

"ಈ ಪ್ರಶ್ನೆ ಕೇಳುವವರು ಒಬ್ಬರೂ ಇಲ್ಲ ನಮ್ಮ ಆಫೀಸಲ್ಲಿ. ಬೇಲಾಪುರಕ್ಕೆ ಬರ್ತೀರಾ?"

ಹೋದೆ. ಡೊಂಬಿವಲಿಯಿಂದ ಠಾಣೆಗೆ ಒಂದು ರೈಲುಗಾಡಿ, ಅಲ್ಲಿಂದ ನವಿ ಮುಂಬಯಿಗೆ ಇನ್ನೊಂದು. ಬೇಲಾಪುರದ ಹಳೆಯ ಕಟ್ಟಡವೊಂದರಲ್ಲಿ ಸರ್ ನಡೆಸುತ್ತಿದ್ದ ಸಂಸ್ಥೆ ಎಂದರೆ ಎರಡು ಕೋಣೆ, ಬಿಸಿಯಾಗಿ ಕೂಗುವ ಕೆಲವು ಕಂಪ್ಯೂಟರು, ಬಂದು ಹೋಗುವ ವಿದ್ಯಾರ್ಥಿಗಳು. ಸರ್ ಉಡುಪಿ ಕಡೆಯವರು, ಕಾಮೋಠೆಯಲ್ಲಿ ಮನೆ. ಮೊದಲ ವಾರದಲ್ಲೇ ನನ್ನನ್ನು 'ಮಾರಾಯ್ತಿ' ಎಂದು ಕರೆಯಲು ಶುರು ಮಾಡಿದರು. ಅಪ್ಪನನ್ನು ಬೇಗ ಕಳೆದುಕೊಂಡಿದ್ದ ನನಗೆ ಅವರ ಬೈಗುಳವೂ ಹಿತವಾಗಿತ್ತು.

ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವ ಕೆಲಸ ನಮ್ಮದಲ್ಲ. ಮೇ ತಿಂಗಳ ಸುಡುಬಿಸಿಲಿನಲ್ಲಿ ಕುಳಿತು, ಜುಲೈ, ಆಗಸ್ಟಿನಲ್ಲಿ ಉಲ್ಹಾಸ ನದಿ ದಡ ಮೀರುವ ಸಂಭವ ಎಂದಿಗಿಂತ ಹೆಚ್ಚೋ ಕಡಿಮೆಯೋ ಎಂದು ಹೇಳಬಹುದೇ ಎಂಬುದು ನಮ್ಮ ಪ್ರಶ್ನೆ. ಕರ್ಜತಿನ ಮೇಲಿನ ಘಾಟಿನಲ್ಲಿ ಸುರಿದ ಮಳೆ ನೇರಳ, ಬದಲಾಪುರ ದಾಟಿ ಕಲ್ಯಾಣದ ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಇಳಿಯುತ್ತದೆ. ಯಾವ ದಿನ ಅದು ಉಕ್ಕುತ್ತದೆ ಎಂದು ಎರಡು ತಿಂಗಳು ಮೊದಲೇ ಯಾರೂ ಹೇಳಲಾರರು. ಆದರೆ ದೂರದ ಸಮುದ್ರಗಳು ಎಷ್ಟು ಕಾದಿವೆ, ಗಾಳಿ ಯಾವ ಕಡೆ ವಾಲಿದೆ ಎಂಬುದನ್ನು ನೋಡಿ, ಈ ಸಲದ ಮಳೆಗಾಲ ಯಾವ ಕಡೆಗೆ ಬಾಗಿದೆ ಎಂದು ಅಳುಕುತ್ತ ಹೇಳಬಹುದು. ಅಳುಕು ಎಷ್ಟು ಎಂಬುದನ್ನೂ ಜೊತೆಗೆ ಹೇಳಬೇಕು. ಸರ್ ನನಗೆ ಮೊದಲು ಕಲಿಸಿದ್ದು ಅದನ್ನೇ.

"ನಿನ್ನ ಅನುಮಾನ ಎಷ್ಟು ಅಂತ ಹೇಳದಿದ್ರೆ ನೀನು ಗಿಳಿಶಾಸ್ತ್ರದವಳು, ತಿಳೀತಾ?"

ನದಿ ನೋಡಲು ನಾವು ಬದಲಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಪಶ್ಚಿಮದಲ್ಲಿ, ನದಿಗೆ ಕೂಗಳತೆಯ ದೂರದಲ್ಲಿ, ನನ್ನ ಅಕ್ಕನ ಮನೆ. ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ, ಅದಕ್ಕೆ ಅಂಟಿಕೊಂಡ ಒಂದು ಗಾಳೆ. ಅಂಗಡಿ ಮಳಿಗೆಗೆ ಇಲ್ಲಿ ಗಾಳೆ ಎನ್ನುತ್ತಾರೆ. ಆ ಗಾಳೆಯಲ್ಲಿ ಅಕ್ಕ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದಳು. ವಿಜಾಪುರದಿಂದ ಜೋಳ ತರಿಸಿ, ಬೀಸಿ, ಕಟ್ಟಡದ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿದು ಮಾರುತ್ತಿದ್ದಳು. ಒಣಗಿಸಿದ ಕಟಿ ರೊಟ್ಟಿಗೆ ಅಂಬರನಾಥ, ಡೊಂಬಿವಲಿಯಿಂದಲೂ ಗಿರಾಕಿಗಳಿದ್ದರು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಔಷಧ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದರು. ರಜೆ ಇದ್ದಾಗ ಗಿರಣಿ ನಡೆಸುವುದು ಅವರೇ.

ಸೇತುವೆಯ ಬಳಿ ನೀರಿನ ಮಟ್ಟ ನೋಡಿ ಬಂದು ಸರ್ ಆ ಗಾಳೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ನೀರುದೋಸೆಯ ನಾಲಿಗೆ ಅವರದು. ಆದರೂ ಕಣ್ಣಲ್ಲಿ ನೀರು ಬರುವವರೆಗೂ ಹಿಂಡಿ ಕಲಸಿಕೊಂಡು ತಿನ್ನುವರು. "ಇದು ಊಟ ಮಾರಾಯ್ತಿ, ನಾವೆಲ್ಲ ಇಷ್ಟು ದಿನ ತಿಂದದ್ದು ಎಂತದು?" ಎನ್ನುವರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವಳು. ಸರ್ ಆ ಮನೆಯ ಹೊಸ್ತಿಲು ಬಲ್ಲವರು. ಆ ಹೊಸ್ತಿಲು ಎಷ್ಟು ತಗ್ಗಿನಲ್ಲಿದೆ ಎಂಬುದನ್ನೂ ಬಲ್ಲವರು.

ಕೆಲವು ವರ್ಷಗಳ ನಂತರ ನಾವು ಮೊದಲ ಸಲ ಜನರ ಮುಂದೆ ಮುನ್ನೋಟ ಇಟ್ಟೆವು. ನದಿಯಂಚಿನ ವಸತಿ ಸೊಸೈಟಿಗಳ ಸಭೆ ಕರೆದು, ಈ ಸಲ ನದಿ ಏರುವ ಸಂಭವ ಎಂದಿಗಿಂತ ಹೆಚ್ಚು ಎಂದು ಸರ್ ಹೇಳಿದರು. ಜನ ನಂಬಿದರು. ಫ್ರಿಜ್ಜು, ಕಪಾಟು, ಹಾಸಿಗೆಗಳನ್ನು ಮೇಲಿನ ಮಹಡಿಯವರ ಮನೆಗೆ ಸಾಗಿಸಿದರು. ಅಕ್ಕ ಗಿರಣಿ ಬಿಚ್ಚಿಸಿ ಮಳೆಗಾಲವಿಡೀ ಮೂರನೆಯ ಮಹಡಿಯವರ ಪಡಸಾಲೆಯಲ್ಲಿ ಇಡಿಸಿದಳು. ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಆದರೆ ಹದವಾಗಿ, ದಿನವೂ ಸ್ವಲ್ಪ ಸ್ವಲ್ಪ ಬಂತು. ನದಿ ತನ್ನ ಪಾತ್ರದೊಳಗೇ ತುಂಬಿ ಹರಿದು ಹೋಯಿತು.

ಬದಲಾಪುರದಲ್ಲಿ ಗಣಪತಿ ಹಬ್ಬದ ಒಂದು ಸಮಾರಂಭಕ್ಕೆ ಸರ್ ಅವರನ್ನು ಕರೆದಿದ್ದರು. ಅಲ್ಲಿನ ಪುಢಾರಿಯೊಬ್ಬ ಶಾಲು ಹೊದಿಸುತ್ತ ಮೈಕಿನಲ್ಲಿ, "ಇವರೇ ನಮ್ಮ ಪೂರ್‌ವಾಲೆ ಬಾಬಾ, ನೆರೆಯ ಬಾಬಾ! ಇವರು ನೆರೆ ಬರುತ್ತದೆ ಎಂದರೆ ನಿಶ್ಚಿಂತೆಯಿಂದ ನಿದ್ದೆ ಮಾಡಿ!" ಎಂದ. ಇಡೀ ಮಂಟಪ ನಕ್ಕಿತು. ಸರ್ ಕೂಡ ನಕ್ಕರು. ಆದರೆ ವಾಪಸು ಬರುವಾಗ ಗಾಡಿ ಮುಂಬ್ರಾದ ಗುಡ್ಡ ದಾಟುವವರೆಗೂ ಕಣ್ಣು ಮುಚ್ಚಿ ಕುಳಿತಿದ್ದರು. ಆ ಶಾಲು ಅವರ ತೊಡೆಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅವರ ಒಳಗೆ ಏನು ಮುರಿದಿದೆ ಎಂದು ನನಗೆ ಅಂದು ತಿಳಿಯಲಿಲ್ಲ.

ಆದರೂ ಕೆಲಸ ನಿಲ್ಲಲಿಲ್ಲ. ನಾವು ಎಲ್ಲಿ ತಪ್ಪಿದೆವು ಎಂದು ಹುಡುಕುವುದು ನನ್ನ ಪಾಲಿಗೆ ಬಂತು. ಉತ್ತರ ಕಣ್ಣೆದುರಿಗೇ ಇತ್ತು. ನಾವು ಇಡೀ ಮಳೆಗಾಲದ ಒಟ್ಟು ಮಳೆಯ ಹಿಂದೆ ಬಿದ್ದಿದ್ದೆವು. ನದಿಗೆ ಒಟ್ಟು ಮಳೆ ಬೇಕಾಗಿಲ್ಲ. ನೆಲ ಆಗಲೇ ನೆನೆದು ಕುಡಿಯಲಾರದೆ ಇರುವಾಗ ಘಾಟಿನಲ್ಲಿ ಬೆನ್ನುಬೆನ್ನಿಗೆ ಎರಡು ಮೂರು ದಿನ ಬಿಡದೆ ಸುರಿದರೆ ಸಾಕು, ಬರಗಾಲದಂಥ ವರ್ಷದಲ್ಲೂ ಅದು ಮನೆಯೊಳಗೆ ಬರುತ್ತದೆ. ಹಾಗಾಗಿ ಎಷ್ಟು ಮಳೆ ಎಂಬುದನ್ನು ಬಿಟ್ಟು, ಅಂಥ ಬಿಡದ ಮಳೆಯ ಸರಣಿಗಳು ಬರುವ ಸಂಭವ ಹೆಚ್ಚೇ ಎಂದು ಕೇಳಲು ಕಲಿತೆವು. ನೆಲದ ತೇವ ಸೇರಿಸಿದೆವು. ಒಂದೊಂದೇ ಹಳೆಯ ವರ್ಷವನ್ನು ಮುಚ್ಚಿಟ್ಟು, ಉಳಿದವನ್ನಷ್ಟೇ ತೋರಿಸಿ, ಮುಚ್ಚಿಟ್ಟ ವರ್ಷದಲ್ಲಿ ಏನಾಯಿತು ಹೇಳು ಎಂದು ಲೆಕ್ಕವನ್ನು ಪರೀಕ್ಷೆಗೆ ಕೂರಿಸಿದೆವು. ಅದಕ್ಕೆ ವರ್ಷಗಳೇ ಹಿಡಿದವು. ಅನೇಕ ಸಲ ಲೆಕ್ಕ ಸೋತಿತು. ಆದರೆ ಮೊದಲಿನಷ್ಟು ಸೋಲಲಿಲ್ಲ. ಅದು ಗೊತ್ತಾದ ದಿನ ಸರ್ ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು.

"ನನ್ನಿಂದ ಆಗದ್ದನ್ನು ನೀನು ಮಾಡಿದಿ."

ಮುಂದಿನ ಮೇ ತಿಂಗಳಲ್ಲಿ ಹೊಸ ಲೆಕ್ಕ ಓಡಿಸಿದೆವು. ಒಟ್ಟು ಮಳೆ ಸಾಧಾರಣ ಎಂದಿತು. ಆದರೆ ಜುಲೈಯಲ್ಲಿ ಘಾಟಿನ ಮೇಲೆ ಬಿಡದ ಮಳೆಯ ಸರಣಿಗಳ ಸಂಭವ ಎಂದಿಗಿಂತ ಹೆಚ್ಚು ಎಂದಿತು. ಖಚಿತವಲ್ಲ, ಹೆಚ್ಚು. ನಾನು ಬೇರೆ ಬೇರೆ ರೀತಿಯಲ್ಲಿ ಓಡಿಸಿ ನೋಡಿದೆ. ಬಾಗು ಅದೇ ಕಡೆಗೆ.

ಬದಲಾಪುರದ ಸಭೆಯ ಹಿಂದಿನ ದಿನ ಸರ್‌ಗೆ ಫೋನ್ ಮಾಡಿದೆ.

"ಇದ್ದದ್ದನ್ನು ಇದ್ದ ಹಾಗೆ ಹೇಳುವುದಲ್ವಾ ಸರ್?"

"ಮತ್ತೆ? ಇದ್ದ ಹಾಗೆ ಹೇಳುವಾ. ನೀನು ಎಂತ ಮಂಡೆಬಿಸಿ ಮಾಡ್ಬೇಡ."

ಸಭೆ ಒಂದು ಮದುವೆ ಛತ್ರದಲ್ಲಿ. ಫ್ಯಾನುಗಳು ಸದ್ದು ಮಾಡುತ್ತಿದ್ದವು. ಅಕ್ಕ, ಮಾಮಾ ಎರಡನೆಯ ಸಾಲಿನಲ್ಲಿದ್ದರು. ನಾನು ವೇದಿಕೆಯ ಮೇಲೆ ಸರ್ ಪಕ್ಕದ ಕುರ್ಚಿಯಲ್ಲಿ. ಸರ್ ಎದ್ದು ನಿಂತು ಮರಾಠಿಯಲ್ಲಿ ಚಂದವಾಗಿ ಮಾತಾಡಿದರು. ಸಮುದ್ರದ ವಿಷಯ, ಗಾಳಿಯ ವಿಷಯ. ಕೊನೆಗೆ ಕೈ ಜೋಡಿಸಿ, "ಈ ವರ್ಷ ಮಳೆ ಸಾಧಾರಣ. ಹೆದರುವಂಥದ್ದು ಏನೂ ಇಲ್ಲ. ಸಾಮಾನು ಎತ್ತಿ ಸೊಂಟ ನೋಯಿಸಿಕೊಳ್ಳಬೇಡಿ," ಎಂದರು.

ಜನ ಚಪ್ಪಾಳೆ ತಟ್ಟಿದರು. ನನಗೆ ಮೊದಲು ನಾನೇ ತಪ್ಪಾಗಿ ಕೇಳಿಸಿಕೊಂಡೆ ಅನಿಸಿತು. ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಆಗ ಎದ್ದು ಮೈಕು ತೆಗೆದುಕೊಂಡೆ. ಒಟ್ಟು ಮಳೆ ಸಾಧಾರಣ ಎನ್ನುವುದು ನಿಜ, ಆದರೆ ನದಿ ಏರುವ ಸಂಭವ ಈ ಸಲ ಹೆಚ್ಚಿದೆ, ಬರಲೇಬೇಕೆಂದಿಲ್ಲ, ಆದರೂ ನೆಲಮಹಡಿಯವರು ಭಾರದ ಸಾಮಾನು ಎತ್ತಿಡುವುದು ಒಳ್ಳೆಯದು ಎಂದೆ. 

ಸರ್ ನಗುತ್ತ ಮೈಕನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. "ನಮ್ಮ ಹುಡುಗಿಗೆ ಉತ್ಸಾಹ ಜಾಸ್ತಿ. ಅವಳ ಹೊಸ ಲೆಕ್ಕ ಇನ್ನೂ ಹಸಿ. ಹಣ್ಣಾಗಲಿ, ಆಗ ಹೇಳೋಣ."

ಮತ್ತೆ ನಗೆ. ನನಗೆ ಆಗ ನಲವತ್ತು ದಾಟಿತ್ತು. 'ಹುಡುಗಿ' ಎಂಬ ಒಂದು ಮಾತಿನಲ್ಲಿ ಅವರು ನಮ್ಮಿಬ್ಬರ ಅಷ್ಟು ವರ್ಷದ ಕೆಲಸವನ್ನು ಬಾಗಿಲಾಚೆ ಹಾಕಿದ್ದರು.

ಬದಲಾಪುರ ಸ್ಟೇಷನ್ನಿನಲ್ಲಿ ಅವರನ್ನು ಹಿಡಿದೆ. ಸಂಜೆಯ ಗರ್ದಿಯಲ್ಲಿ ನಾವಿಬ್ಬರು ಕಂಬಕ್ಕೆ ಒರಗಿ ನಿಂತಿದ್ದೆವು.

"ಯಾಕೆ ಸರ್?"

"ಎಂತ ಯಾಕೆ? ಸಂಭವ ಹೆಚ್ಚು ಅಂದ್ರೆ ಜನರಿಗೆ ಬರ್ತದೆ ಅಂತ ಕೇಳಿಸ್ತದೆ. ಬರದಿದ್ರೆ? ಮತ್ತೆ ಶಾಲು ಹೊದಿಸಿ ನಗ್ತಾರೆ. ಎರಡೆರಡು ಸಲ ನಗೆಪಾಟಲಾಗ್ಲಿಕ್ಕೆ ನಂಗೆ ಪ್ರಾಯ ಇಲ್ಲ ಮಾರಾಯ್ತಿ."

"ಬಂದರೆ?"

"ಬಂದ್ರೆ ಮಳೆ ಬಂತು. ಮಳೆಗೆ ಯಾರೂ ನಮ್ಮನ್ನು ಬೈಯುದಿಲ್ಲ."

"ನಿನ್ನೆ ಫೋನಿನಲ್ಲಿ ಇದ್ದ ಹಾಗೆ ಹೇಳುವಾ ಎಂದಿರಲ್ಲ."

ಅವರು ಬರುತ್ತಿದ್ದ ಗಾಡಿಯನ್ನೇ ನೋಡುತ್ತ, "ಹಾಗೆ ಹೇಳದಿದ್ರೆ ನೀನು ಮಲಗ್ತಿರ್ಲಿಲ್ಲ," ಎಂದರು.

ನಾನು ಆ ಗಾಡಿ ಹತ್ತಲಿಲ್ಲ. ತಿರುಗಿ ಅಕ್ಕನ ಮನೆಗೆ ಹೋದೆ. ಮಾಮಾ ಶ್ರಾವಣದ ಗಿರಾಕಿಗಳಿಗೆಂದು ಜೋಳದ ಹೊಸ ಚೀಲಗಳನ್ನು ತರಿಸುವ ಮಾತಾಡುತ್ತಿದ್ದರು.

"ಮಾಮಾ, ಗಿರಣಿ ಮ್ಯಾಲ ಇಡ್ಸ್ರಿ. ಜೋಳ ಈಗ ತರಸಬ್ಯಾಡ್ರಿ."

"ಸರ್ ಹೇಳ್ಯಾರಲ್ಲವಾ, ಸಾಧಾರಣ ಅಂತ. ಹಿಂದ ಒಮ್ಮೆ ಎತ್ತಿಟ್ಟು ಎಷ್ಟ ತ್ರಾಸ ಆತು. ಮ್ಯಾಲಿನವರು ಈಗ ಮಾರಿ ಕೊಟ್ಟು ಮಾತಾಡೂದಿಲ್ಲ."

"ಲೆಕ್ಕಾ ಮಾಡಿದಾಕಿ ನಾನು."

"ನೀ ಶ್ಯಾಣ್ಯಾಕಿ, ಖರೆ. ಆದ್ರ ಅವರು ನಿನಗ ಕಲಿಸಿದವರಲ್ಲ?"

ಅಕ್ಕನ ಕಡೆ ನೋಡಿದೆ. ಅವಳು ಹಿಟ್ಟು ನಾದುತ್ತ ತಲೆ ಎತ್ತದೆ ಕೇಳಿದಳು: "ಬರ್ತದಂತ ಖಾತ್ರಿ ಹೇಳ್ತೀಯೇನ?"

"ಖಾತ್ರಿ ಹೇಳಾಕ ಬರೂದಿಲ್ಲ ಅಕ್ಕಾ."

"ಮತ್ತ ಹೆಂಗ?"

ಅಲ್ಲಿಗೆ ಮಾತು ಮುಗಿಯಿತು. ನಾನು ಖಾತ್ರಿ ಎಂದು ಸುಳ್ಳು ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಸರ್ ಸುಳ್ಳನ್ನು ಖಾತ್ರಿಯಾಗಿ ಹೇಳಿದರು. ನಾನು ನಿಜವನ್ನು ಅಳುಕುತ್ತ ಹೇಳಿದೆ. ಆ ಅಳುಕನ್ನು ನನಗೆ ಕಲಿಸಿದವರೂ ಅವರೇ.

ಜುಲೈಯಲ್ಲಿ ಮೊದಲು ಒಂದು ವಾರ ಜಿಟಿಜಿಟಿ. ನೆಲ ನೆನೆಯಿತು. ಆಮೇಲೆ ಘಾಟಿನಲ್ಲಿ ಸುರಿಯಲು ಹಿಡಿದದ್ದು ಬಿಡಲಿಲ್ಲ. ಒಂದು ಮುಂಜಾನೆ ಅಕ್ಕನ ಮಗಳು ಫೋನ್ ಮಾಡಿದಳು. ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ತಿಳಿದರೂ ಆಡುವುದು ಮರಾಠಿ, ಹಿಂದಿ.

"ಮಾವ್ಶಿ, ಪಾಣಿ ಗೇಟಪರ್ಯಂತ ಆಲಂ!" ಚಿಕ್ಕಮ್ಮಾ, ನೀರು ಗೇಟಿನವರೆಗೆ ಬಂದಿದೆ ಎಂದಳು.

"ಅವ್ವನ ಕರಕೊಂಡು ಮ್ಯಾಲ ಹೋಗು. ಏನೂ ತಗೋಬ್ಯಾಡ, ಹೋಗು!"

"ಆಯೀ ಸುನತ್ ನಾಹೀ. ಪೀಠ ಉಚಲತೇಯ್!" ಅಮ್ಮ ಕೇಳುತ್ತಿಲ್ಲ, ಹಿಟ್ಟು ಎತ್ತುತ್ತಿದ್ದಾಳೆ ಎಂದು ಹುಡುಗಿ ಅಳುತ್ತಿದ್ದಳು.

ಡೊಂಬಿವಲಿ ಸ್ಟೇಷನ್ನಿಗೆ ಓಡಿದೆ. ಕಲ್ಯಾಣದಿಂದ ಮುಂದೆ ಗಾಡಿಗಳಿಲ್ಲ, ಹಳಿಯ ಮೇಲೆ ನೀರು ಎಂದು ಘೋಷಿಸುತ್ತಿದ್ದರು. ಕಲ್ಯಾಣದವರೆಗೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಮುಂದೆ ಹೋಗುವ ದಾರಿ ಇರಲಿಲ್ಲ. ಮಧ್ಯಾಹ್ನ ಒಂದು ಸಂದೇಶ ಬಂತು: ಎಲ್ಲರೂ ಮೂರನೆಯ ಮಹಡಿಯಲ್ಲಿದ್ದಾರೆ, ನೀರು ಗಾಳೆಯ ಶಟರಿನ ಅರ್ಧಕ್ಕಿದೆ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. 

ನೀರು ಇಳಿದು ಗಾಡಿ ಶುರುವಾದ ಮೇಲೆ ಹೋದೆ. ಗಾಳೆಯಲ್ಲಿ ಮೊಣಕಾಲುದ್ದ ಕೆಸರು. ಗಿರಣಿಯ ಮೋಟರಿನೊಳಗೆ ಮಣ್ಣು ಮೆತ್ತಿಕೊಂಡಿತ್ತು. ಜೋಳದ ಚೀಲಗಳು ಊದಿ, ಹೊಲಿಗೆ ಬಿಚ್ಚಿ, ಒಳಗಿನ ಕಾಳು ಮೊಳಕೆ ಬಿಡಲು ಶುರುವಾಗಿತ್ತು. ಎಲ್ಲೆಡೆ ಹುಳಿ ವಾಸನೆ. ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸರು ಬುಟ್ಟಿಯಲ್ಲಿ ಕೆಸರು ಹೊರುತ್ತಿದ್ದರು. ಅವರ ಮನೆಗಳೂ ನೆಲಮಹಡಿಯವೇ.

ಅಕ್ಕ ನನ್ನನ್ನು ನೋಡಿ ಕೈ ತೊಳೆಯಲಿಲ್ಲ, ಕೂರು ಎನ್ನಲಿಲ್ಲ.

"ನಿನಗ ಗೊತ್ತಿತ್ತು."

"ಹೇಳಿದ್ನಲ್ಲಾ ಅಕ್ಕಾ..."

"ಹಂಗ ಹೇಳ್ತಾರೇನ? ಕೈ ಹಿಡದು ಎಳೀಬೇಕಿತ್ತು. ನನ್ನ ಕೂಡ ಜಗಳಾಡಬೇಕಿತ್ತು. ಮೈಕ್ ಕಸಗೊಂಡ್ರ ಸುಮ್ಮನ ಕೂಡೂದಾ?"

ನೋಯಿಸಿದವರು ಕೈಗೆ ಸಿಗದಿದ್ದರೆ ಮನುಷ್ಯರು ಸಿಕ್ಕವರ ಮೇಲೆ ಹಾಯುತ್ತಾರೆ ಎಂದು ತಿಳಿದೂ ಆ ಮಾತು ನನ್ನೊಳಗೆ ಮುಳ್ಳಾಗಿ ನಿಂತಿತು. ನಾನೂ ಬುಟ್ಟಿ ಹಿಡಿದೆ.

ಆಗಲೇ ಮಾಮಾ ಮೊಬೈಲು ಹಿಡಿದುಕೊಂಡು ಬಂದರು. ಮರಾಠಿ ಸುದ್ದಿ ವಾಹಿನಿಯೊಂದರ ವಿಡಿಯೊ. ಸರ್ ತಮ್ಮ ಆಫೀಸಿನಲ್ಲಿ, ನನ್ನ ಕಂಪ್ಯೂಟರಿನ ಮುಂದೆ ಕುಳಿತು ಮಾತಾಡುತ್ತಿದ್ದರು. ನಮ್ಮ ಹೊಸ ವಿಧಾನ ಮೇ ತಿಂಗಳಲ್ಲೇ ಇದರ ಸುಳಿವು ಕೊಟ್ಟಿತ್ತು, ಒಟ್ಟು ಮಳೆಯಲ್ಲ, ಬಿಡದ ಮಳೆಯ ಸರಣಿ ಮುಖ್ಯ ಎಂದು ನಾವು ಕಂಡುಕೊಂಡಿದ್ದೇವೆ, ಆಡಳಿತದವರು ಇನ್ನಾದರೂ ವಿಜ್ಞಾನಕ್ಕೆ ಕಿವಿಗೊಡಬೇಕು ಎನ್ನುತ್ತಿದ್ದರು. ಒಂದೊಂದು ಶಬ್ದವೂ ನನ್ನದು.

ಮಾಮಾ ವಿಡಿಯೊ ಮುಗಿದ ಮೇಲೂ ಪರದೆಯನ್ನೇ ನೋಡುತ್ತ ನಿಂತರು.

"ಮೇ ತಿಂಗಳದಾಗ ಇವರಿಗೆ ಗೊತ್ತಿತ್ತಂದ್ರ, ನಮ್ಮ ಮುಂದ ಹಿಂಗ್ಯಾಕ ಅಂದ್ರು? ನಮ್ಮ ಮನ್ಯಾಗ ಉಂಡ ಮನಷ್ಯಾ."

ಮರುದಿನ ಬೇಲಾಪುರಕ್ಕೆ ಹೋದೆ. ಸರ್ ಎದ್ದು ಬಂದರು. ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ಕಳೆ.

"ನೋಡಿದ್ಯಾ? ಎಲ್ಲ ಕಡೆಯಿಂದ ಫೋನು. ನಮ್ಮ ಲೆಕ್ಕ ಸರಿ ಬಂತು ಮಾರಾಯ್ತಿ! ಇನ್ನು ನಮ್ಮ ಮಾತು ಕೇಳ್ತಾರೆ."

"ಅಕ್ಕನ ಗಿರಣಿ ಹೋಯಿತು ಸರ್."

ಅವರ ಮುಖ ಒಂದು ಕ್ಷಣ ಸಣ್ಣದಾಯಿತು. "ಗೊತ್ತಾಯ್ತು. ಬೇಜಾರಾಯ್ತು ನಂಗೆ. ಎಂತಾದ್ರೂ ಮಾಡುವಾ."

"ಲೆಕ್ಕ ಸರಿ ಬಂತು ಎಂದಿರಲ್ಲ. ಒಂದು ವರ್ಷ ನೆರೆ ಬಂದ ಮಾತ್ರಕ್ಕೆ ಸರಿ ಎನ್ನಲು ಬರುತ್ತದೆಯೇ? ಬರದಿದ್ದರೂ ಅದು ತಪ್ಪಾಗುತ್ತಿರಲಿಲ್ಲ. ಎಷ್ಟೋ ವರ್ಷ ಹೇಳಿ, ಎಷ್ಟೋ ಸಲ ಸೋತು ನೋಡಬೇಕು ಎಂದು ನೀವೇ ಅಲ್ಲವೇ ನನಗೆ ಕಲಿಸಿದ್ದು?"

"ಅದೆಲ್ಲ ನಮ್ಮ ನಮ್ಮೊಳಗೆ. ಟೀವಿಯವರ ಹತ್ರ ಅದನ್ನು ಹೇಳ್ಲಿಕ್ಕೆ ಆಗ್ತದಾ?"

"ಹಾಗಾದರೆ ಸಭೆಯಲ್ಲಿ ಏನು ಹೇಳಿದಿರಿ ಎಂಬುದನ್ನಾದರೂ ಹೇಳಿ."

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. "ಅಷ್ಟು ಜನರ ಎದುರು ನಂಗೆ ಧೈರ್ಯ ಬರ್ಲಿಲ್ಲ," ಎಂದರು. ಅಷ್ಟೇ ನಿಜ ಇತ್ತು ಅವರ ಬಳಿ. ಆ ಮಾತನ್ನು ಅವರು ಬದಲಾಪುರದ ಸ್ಟೇಷನ್ನಿನಲ್ಲಿ, ನೀರು ಬರುವ ಮೊದಲು ಹೇಳಿದ್ದರೆ ನಾನು ಅವರ ಕಾಲಿಗೆ ಬಿದ್ದು ಮತ್ತೆ ಸಭೆ ಕರೆಸುತ್ತಿದ್ದೆ. ಈಗ ಅದನ್ನು ಕೇಳಿಸಿಕೊಂಡು ಏನು ಮಾಡುವುದು? ನನ್ನ ಚೀಲ, ನೀರಿನ ಬಾಟಲಿ ತೆಗೆದುಕೊಂಡು ಹೊರಟೆ. ಅವರು ತಡೆಯಲಿಲ್ಲ.

ಆಮೇಲೆ ಠಾಣೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ಲೆಕ್ಕ ಬಿಡಲಿಲ್ಲ. ಈಗ ಪ್ರತಿ ಮೇ ತಿಂಗಳಲ್ಲಿ ಒಬ್ಬಳೇ ಬದಲಾಪುರಕ್ಕೆ ಹೋಗಿ, ಕಟ್ಟಡಗಳ ಅಂಗಳದಲ್ಲಿ ನಿಂತು ಹೇಳುತ್ತೇನೆ. ಒಂದು ವರ್ಷ ಸಂಭವ ಕಡಿಮೆ ಎಂದೆ, ನೀರು ಬರಲಿಲ್ಲ. ಇನ್ನೊಂದು ವರ್ಷ ಹೆಚ್ಚು ಎಂದೆ, ಆಗಲೂ ಬರಲಿಲ್ಲ. ಕೆಲವರು ನಕ್ಕರು. ನಗಲಿ ಎಂದು ಬಿಟ್ಟೆ. ಅದು ಸಲೀಸಾಗಿ ಬಂದ ಧೈರ್ಯವಲ್ಲ, ಅಂದು ಮನೆಗೆ ಬಂದು ಅತ್ತಿದ್ದೇನೆ. ಅಕ್ಕ ಬೇರೆ ಗಿರಣಿ ಕೊಂಡು ಮೊದಲ ಮಹಡಿಯ ಬಾಡಿಗೆ ಕೋಣೆಯಲ್ಲಿ ಹಾಕಿಸಿದಳು. ನನ್ನ ಜೊತೆ ಮಾತು ಶುರು ಮಾಡಲು ಅವಳಿಗೆ ಆ ನೆರೆಯ ವರ್ಷದ ದೀಪಾವಳಿಯವರೆಗೆ ಬೇಕಾಯಿತು. ಶುರು ಮಾಡಿದ್ದೂ ಹೀಗೆ: "ಉಂಡ್ಯಾ?"

ಹೋದ ಚಳಿಗಾಲ ಡೊಂಬಿವಲಿಯಲ್ಲಿ ಪರಿಚಿತರ ಮನೆಯ ಮದುವೆಯಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಸರ್ ಎದುರಾದರು. ಕೂದಲು ಪೂರಾ ಬೆಳ್ಳಗಾಗಿತ್ತು. ಜೊತೆಗಿದ್ದ ಯಾರಿಗೋ ನನ್ನನ್ನು ತೋರಿಸಿ, "ಇವಳು ನನ್ನ ಶಿಷ್ಯೆ. ಭಾರೀ ಹುಷಾರು. ನಾನೇ ತಯಾರು ಮಾಡಿದ್ದು," ಎಂದರು. ಸ್ವರದಲ್ಲಿ ನಿಜವಾದ ಹೆಮ್ಮೆಯಿತ್ತು. ಆ ಮನುಷ್ಯ ನನ್ನ ಕಡೆ ತಿರುಗಿ, ಹೌದೇ ಎಂಬಂತೆ ನೋಡಿದ.

"ಹೌದು," ಎಂದೆ. ಅದು ಸುಳ್ಳಲ್ಲವಲ್ಲ.

ಸರ್ ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಸಾಲು ಬಿಟ್ಟು, ಅಕ್ಕ ಕುಳಿತಿದ್ದ ಮೂಲೆಗೆ ಹೋದೆ. ಅವಳು ದೂರದಿಂದಲೇ ಎಲ್ಲ ನೋಡಿದ್ದಳು. ಏನೆಂದರು ಎಂದು ಕೇಳಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಪರ್ಸು ತೆಗೆದು ನನಗೆ ಜಾಗ ಮಾಡಿಕೊಟ್ಟಳು. ನನ್ನ ತಟ್ಟೆ ಖಾಲಿ ಇರುವುದನ್ನು ಕಂಡು, ತನ್ನ ತಟ್ಟೆಯಲ್ಲಿದ್ದ ಅನ್ನವನ್ನು ಅರ್ಧ ಮಾಡಿ ನನ್ನ ಕಡೆಗೆ ತಳ್ಳಿದಳು.